ಬಲ್ಗಾಸಿಮನ ನಾಲಿಗೆ

ಮರಳುಗಾಡಿನ ನಡುವಿನ ಸೀವಾ ಊರಿನಲ್ಲಿ ಬಲ್ಗಾಸಿಮನಷ್ಟು ಅನುಮಾನದ ಪ್ರಾಣಿ ಇನ್ನೊಂದಿರಲಿಲ್ಲ. ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಹೆಂಡತಿ ಯಾರಿಗೋ ಕೊಟ್ಟಿದ್ದಾಳೆ ಎನ್ನುವವನು. ಕತ್ತೆ ಕುಂಟಿದರೆ ಪಕ್ಕದ ಮನೆಯ ಕಡೆ ನೋಡುವವನು. ಆದರೆ ಗೋಡೆ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಉಪ್ಪುಕೆರೆಯ ದಡದ ಗಟ್ಟಿ ಉಪ್ಪುಹೆಂಟೆಗಳನ್ನು ಒಂದರ ಮೇಲೊಂದಿಟ್ಟು, ನಡುವೆ ಅದೇ ಕೆರೆಯ ಕೆಸರು ಮೆತ್ತಿ, ಬಿಸಿಲಿಗೆ ಬಿಡುತ್ತಿದ್ದ. ನೀರು ಆರಿದಂತೆ ಕೆಸರಿನ ಉಪ್ಪು ಹರಳುಗಟ್ಟಿ ಮರಳಿನ ಕಣಕಣವನ್ನೂ ಕಚ್ಚಿ ಹಿಡಿಯುತ್ತಿತ್ತು. ಅಂಥ ಗೋಡೆಗೆ ಮೊಳೆ ಹೊಡೆದರೆ ಮೊಳೆಯೇ ಸೊಟ್ಟಗಾಗಬೇಕು.

ಕೆಸರು ತರುವವನು ಮಶ್ರಿ, ಇಪ್ಪತ್ತು ವರ್ಷದ ಜೊತೆಗಾರ. ಕೆರೆಯ ದಾರಿಯಲ್ಲೇ ಅವನ ಖರ್ಜೂರದ ತೋಟ. ವಿಧವೆ ಮಬ್ರೂಕಾಳ ಮನೆ ಏಳುತ್ತಿದ್ದಾಗ ಒಂದು ದಿನ ಮಶ್ರಿ ತೀರಾ ಬೇಗ ಗಾಡಿ ತುಂಬಿಕೊಂಡು ಬಂದ. ಬಲ್ಗಾಸಿಮನಿಗೆ ಅಷ್ಟೇ ಸಾಕಾಯಿತು. ಕೆರೆಯವರೆಗೆ ಹೋಗಲು ಮಶ್ರಿಗೆ ಸೋಮಾರಿತನ, ತೋಟದ ಸಪ್ಪೆ ಮಣ್ಣನ್ನೇ ಕಲಸಿ ತರುತ್ತಿದ್ದಾನೆ ಎಂಬ ಹುಳ ತಲೆಗೆ ಹೊಕ್ಕಿತು.

ಮಾರನೆಯ ಬೆಳಿಗ್ಗೆಯಿಂದ ಅವನು ಎಲ್ಲರಿಗಿಂತ ಮೊದಲು ಬಂದು, ಬಾಗಿಲ ಪಕ್ಕದ ಮೂಲೆಗೆ ಊಟೆಯ ಸಿಹಿನೀರು ಸುರಿದು, ಉಜ್ಜಿ, ಬೆರಳು ನೆಕ್ಕಿ ನೋಡತೊಡಗಿದ. ಮೊದಲ ದಿನ ಉಪ್ಪಿತ್ತು. ಮೂರನೆಯ ದಿನ ಕಡಿಮೆಯೆನಿಸಿತು. ಎಂಟನೆಯ ದಿನ ನಾಲಿಗೆಗೆ ಬರೀ ಮಣ್ಣು ಸಿಕ್ಕಿತು; ಬೆರಳು ಒತ್ತಿದರೆ ಮೂಲೆ ಪುಡಿಪುಡಿಯಾಗಿ ಉದುರಿತು.

ಚಹಾದ ಹೊತ್ತಿಗೆ ಕೆಲಸದವರೆಲ್ಲರ ಎದುರು ಅವನ ಬಾಯಿ ತಡೆಯಲಿಲ್ಲ.

"ಏನಪ್ಪಾ ಮಶ್ರಿ, ನಿನ್ನ ತೋಟ ಚೆನ್ನಾಗಿ ಅಗೆದಿದ್ದೀಯಂತೆ? ಗೋಡೆಗೆಲ್ಲ ಅದೇ ಮಣ್ಣು ತಾನೇ?"

"ನನ್ನ ಮೇಲೇ ಅನುಮಾನನಾ?"

"ಅನುಮಾನ ಯಾಕೆ? ನನ್ನ ನಾಲಿಗೆನೇ ಹೇಳ್ತಿದೆ. ಗಂಡ ಇಲ್ಲದೋಳ ತಲೆ ಮೇಲೆ ಮಾಳಿಗೆ ಕೆಡವಬೇಕು ಅಂತಿದ್ದೀಯಾ?"

ಮಶ್ರಿ ಲೋಟ ಕೆಳಗಿಟ್ಟು, ಕತ್ತೆಯನ್ನು ಬಿಚ್ಚಿ ಹೊರಟುಹೋದ.

ಅವನು ಮರೆಯಾದ ಮೇಲೆ ಮಬ್ರೂಕಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಲ್ಲ ಯಜಮಾನ, ನೀನು ನೀರು ಹೊಯ್ದ ಮೂಲೆ ಬಿಟ್ಟು ಬೇರೆ ಎಲ್ಲಾದ್ರೂ ಮುಟ್ಟಿದ್ದೀಯಾ? ದಿನಾ ತೊಳೀತಾ ಇದ್ದರೆ ಅದು ಒಣಗೋದು ಯಾವಾಗ, ಉಪ್ಪು ಉಳಿಯೋದು ಎಲ್ಲಿ?"

ಬಲ್ಗಾಸಿಮ ಎದುರುಗೋಡೆಗೆ ಕೈ ಒತ್ತಿದ. ಕಲ್ಲು. ಹಿತ್ತಲ ಗೋಡೆ, ಅದೂ ಕಲ್ಲು. ಮೂಲೆಯ ಬುಡದಲ್ಲಿ ಮಾತ್ರ ಅವನು ಸುರಿದ ನೀರು ತೊಳೆದಿಳಿಸಿದ ಉಪ್ಪು ನೆಲದ ಮೇಲೆ ಬೆಳ್ಳಗೆ ಕೂತಿತ್ತು. ಮಣ್ಣು ಕಲಸುತ್ತ ಮುದುಕನಾದವನು ಇದನ್ನು ಮರೆತೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಅಂದೇ ಸಂಜೆ ಮಶ್ರಿಯ ಮನೆಗೆ ಹೋಗಿ, "ತಪ್ಪಾಯ್ತು ಕಣೋ, ನಾಳೆ ಬಾ" ಎಂದ. ಮಶ್ರಿ ಕದ ಮುಚ್ಚಿಕೊಂಡ.

ಆದರೂ ಬೆಳಿಗ್ಗೆ ಗಾಡಿ ಬಂತು. ಮಶ್ರಿ ಕೆಸರನ್ನೆಲ್ಲ ಮೂಲೆಯ ಬಳಿ ಸುರಿದು, ಒಂದು ಉಂಡೆ ಎತ್ತಿ ಬಲ್ಗಾಸಿಮನ ಅಂಗೈಯಲ್ಲಿಟ್ಟ.

"ನೆಕ್ಕು."

"ಬೇಡಪ್ಪಾ, ನಂಬಿಕೆ ಇದೆ."

"ಎಲ್ಲರ ಮುಂದೆ ಅಂದಿದ್ದೀಯ, ಎಲ್ಲರ ಮುಂದೆ ನೆಕ್ಕು."

ಅವನು ನೆಕ್ಕಿದ. ಬಾಯಿ ಕಹಿಯಾಗುವಷ್ಟು ಉಪ್ಪಿತ್ತು.

"ಇದೆಯಾ?"

"ಇದೆ."

"ಸರಿ. ಹಚ್ಕೋ. ಈ ಮನೆಗೆ ಇದೇ ಕೊನೆ ಗಾಡಿ, ನಿನಗೂ ಇದೇ."

ಮಶ್ರಿ ಖಾಲಿ ಗಾಡಿ ತಿರುಗಿಸಿದ. ಬಲ್ಗಾಸಿಮ ಒಬ್ಬನೇ ಕೂತು, ಕೆಸರು ಆರಿಹೋಗುವ ಮುಂಚೆ, ಮೂಲೆ ಮೆತ್ತತೊಡಗಿದ.