ನನ್ನ ಗಾಂಧಾರಕ್ಕೆ ದಾನವ್ವ ತಿಂದ ಬೈಗುಳ

ಕರ್ರ್ ಎಂದು ಎರಡು ಕುರ್ಚಿಗಳು ಒಟ್ಟಿಗೇ ಹಿಂದಕ್ಕೆ ಸರಿಯುವ ಸದ್ದು. ನನ್ನ ಎಂ.ಎ. ಸಂಗೀತ ವ್ಯಾಸಂಗ ನೆನಪಾದಾಗಲೆಲ್ಲ ಮೊದಲು ಕಿವಿಗೆ ಬರುವುದು ಇದೇ ಹೊರತು ತಂಬೂರಿಯ ನಾದವಲ್ಲ. ಜಮಖಂಡಿಯ ಕಾಲೇಜಿನ ಆ ಪುಟ್ಟ ಕೋಣೆಗೆ ಈರಣ್ಣ ಸರ್ ಬಂದರೆ ನಾನು ಎದ್ದು ನಿಲ್ಲುತ್ತಿದ್ದೆ, ಏಕೆಂದರೆ ಅವರು ನನ್ನ ಪ್ರೊಫೆಸರ್. ನಾನು ತಡವಾಗಿ ಬಂದರೆ ಅವರು ಎದ್ದು ನಿಲ್ಲುತ್ತಿದ್ದರು, ಏಕೆಂದರೆ ಎಂಟನೇ ಇಯತ್ತೆಯಲ್ಲಿ ನಾನು ಅವರ ಇಂಗ್ಲಿಷ್ ಟೀಚರ್. ತರಗತಿಯಲ್ಲಿದ್ದ ಇನ್ನೊಬ್ಬಳೇ ವಿದ್ಯಾರ್ಥಿನಿ ದಾನವ್ವ, ಯಾರು ಬಂದರೂ ಏಳಬೇಕಾದವಳು, ಎರಡೂ ಸಲ ಏಳುತ್ತಿದ್ದಳು. ಎದ್ದ ಮೇಲೆ ಮೊದಲು ಕೂರುವವರು ಯಾರು ಎಂಬ ಗಹನ ಪ್ರಶ್ನೆಗೆ ನಮ್ಮ ಸಿಲೆಬಸ್ಸಿನಲ್ಲಿ ಉತ್ತರವಿರಲಿಲ್ಲವಾದ್ದರಿಂದ, ದಿನವೂ ಒಂದೆರಡು ನಿಮಿಷ ಮೂವರೂ ರಾಷ್ಟ್ರಗೀತೆಗೆ ನಿಂತವರಂತೆ ನಿಂತಿರುತ್ತಿದ್ದೆವು.

ಅರವತ್ತೇಳನೆಯ ವಯಸ್ಸಿನಲ್ಲಿ ಸ್ನಾತಕೋತ್ತರ ಪದವಿಯ ಹುಚ್ಚು ನನಗೇಕೆ ಹತ್ತಿತೆಂದು ನೀವು ಕೇಳಬಹುದು. ಮೈ ಡಿಯರ್ ರೀಡರ್, ನಿವೃತ್ತಿಯ ನಂತರ ಕೆಲವರಿಗೆ ಮಂಡಿ ನೋವು ಬರುತ್ತದೆ, ಕೆಲವರಿಗೆ ಮಹತ್ವಾಕಾಂಕ್ಷೆ ಬರುತ್ತದೆ. ನನಗೆ ಎರಡೂ ಒಟ್ಟಿಗೆ ಬಂದವು. ಅಡ್ಮಿಶನ್ ಕೌಂಟರಿನ ಗುಮಾಸ್ತರು ಫಾರ್ಮ್ ನೋಡುತ್ತ, "ಮೊಮ್ಮಗಳು ಬಂದಿಲ್ಲೇನ್ರಿ ಅಜ್ಜ್ಯಾರ? ಅಕಿ ಸಹಿ ಬೇಕಾಕ್ಕೈತಿ," ಎಂದರು. ಅಡ್ಮಿಶನ್ ನನ್ನದೇ ಎಂದೆ. ಅವರು ಕನ್ನಡಕ ಏರಿಸಿ, ನನ್ನನ್ನೂ ಫಾರ್ಮನ್ನೂ ಎರಡೆರಡು ಸಲ ನೋಡಿ, "ಹಂಗಾರ ಟಿ.ಸಿ. ತಂದೀರೇನ್ರಿ?" ಎಂದು ನಿರ್ವಿಕಾರವಾಗಿ ಕೇಳಿದರು. ಆ ಟಿ.ಸಿ. ಕೊಟ್ಟ ಪ್ರಿನ್ಸಿಪಾಲರು ಯಾವ ಲೋಕದಲ್ಲಿದ್ದರೋ.

ನನ್ನ ಸಂಗೀತದ ಬುನಾದಿ ಬೆಳಗಾವಿಯ ಕಾನ್ವೆಂಟಿನ ಪಿಯಾನೋ. ಸಿಸ್ಟರ್ ಒಬ್ಬರು ಬೆರಳ ಗೆಣ್ಣಿಗೆ ಸ್ಕೇಲ್ ಮುಟ್ಟಿಸಿ ಮುಟ್ಟಿಸಿ ಪ್ರತಿ ಸ್ವರವನ್ನೂ ಅದರದರ ಮನೆಯಲ್ಲಿ ಕೂರಿಸಿದ್ದರು. ಕೂತದ್ದು ಮತ್ತೆ ಏಳಲಿಲ್ಲ. ದಾನವ್ವನ ಬುನಾದಿ ಬನಹಟ್ಟಿಯ ನೇಕಾರರ ಭಜನಾ ಮಂಡಳಿ. ಬರೆಯುವ ಪೇಪರುಗಳಲ್ಲಿ ನಾನು ಜಾಣೆ. ತಾಳಗಳ ದುಗುಣ, ತಿಗುಣ, ಚೌಗುಣ ವೇಗಗಳನ್ನು ಕಸೂತಿ ಹಾಕಿದಷ್ಟು ಅಚ್ಚುಕಟ್ಟಾಗಿ ಬರೆಯುತ್ತಿದ್ದೆ, ನನ್ನ ನೋಟ್ಸನ್ನು ದಾನವ್ವ ಜೆರಾಕ್ಸ್ ಮಾಡಿಸಿಕೊಳ್ಳುತ್ತಿದ್ದಳು. ಹಾಡುವ ಪೇಪರಿನಲ್ಲಿ ಅವಳು ಬಾಯಿ ತೆರೆದರೆ ನಾನು ನೋಟ್ಸ್ ಮುಚ್ಚಿಡುತ್ತಿದ್ದೆ.

ನನಗೆ ಈ ಪದವಿ ಶೋಕಿ, ಅವಳಿಗೆ ಹಾಗಲ್ಲ. ಸಾವಳಗಿಯ ಒಂದು ಶಾಲೆಯಲ್ಲಿ ವಾರಕ್ಕೆ ಮೂರು ದಿನ ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ಎಂ.ಎ. ಮುಗಿಸಿ ಮಾರ್ಕ್ಸ್ ಕಾರ್ಡ್ ತಂದರೆ ಕಾಯಂ ಮಾಡುತ್ತೇವೆ, ತಪ್ಪಿದರೆ ಬೇರೆಯವರನ್ನು ನೋಡುತ್ತೇವೆ ಎಂದು ಶಾಲೆಯವರು ನೇರವಾಗಿಯೇ ಹೇಳಿದ್ದರು. ಮೂವತ್ತೆಂಟು ವರ್ಷದ ಹೆಂಗಸಿಗೆ ಇನ್ನೊಂದು ಅವಕಾಶ ಬರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮೂರನೇ ಸೆಮಿಸ್ಟರಿನಲ್ಲಿ ದರಬಾರಿ ಕಾನಡಾ ಬಂತು. ನಿಶೀಥದಲ್ಲಿ ಹಾಡಬೇಕಾದ ಈ ಗಂಭೀರ ರಾಗವನ್ನು ಟೈಮ್‌ಟೇಬಲ್ ದೇವತೆ ಬೆಳಿಗ್ಗೆ ಹನ್ನೊಂದೂವರೆಗೆ ಇಟ್ಟಿದ್ದಳು. ದರಬಾರಿಯ ಪ್ರಾಣವಿರುವುದು ಅದರ ಗಾಂಧಾರದಲ್ಲಿ, ಅಂದರೆ 'ಗ' ಸ್ವರದಲ್ಲಿ. ಅದು ಹಾರ್ಮೋನಿಯಂ ಪಟ್ಟಿಯ ಕೋಮಲ ಗಾಂಧಾರಕ್ಕಿಂತ ತುಸು ಕೆಳಗೆ, ತೊಟ್ಟಿಲಿನಂತೆ ತೂಗುತ್ತಿರಬೇಕು. ನನ್ನ ಗಾಂಧಾರವೋ, ಸಿಸ್ಟರ್ ಕೂರಿಸಿದ ಮನೆಯಲ್ಲೇ ಬೆನ್ನು ನೆಟ್ಟಗೆ ಮಾಡಿ ಕೂತಿತ್ತು. ಸರ್ ಹಾಡಿ ತೋರಿಸುವುದು, ನಾವಿಬ್ಬರೂ ಕೂಡಿ ಹಾಡುವುದು, ಏರಿದ ಗಾಂಧಾರ ಕೇಳಿ ಸರ್ ಮುಖ ಹುಳ್ಳಗೆ ಮಾಡುವುದು. ಏರಿದ್ದು ಯಾರದೆಂದು ಅವರಿಗೆ ತಿಳಿಯದೆ ಇರುತ್ತದೆಯೇ? ಆದರೆ ಡೆಸ್ಕಿನ ಮೇಲೆ ತಬಲಾ ಬಾರಿಸಿದ್ದಕ್ಕೆ ತಮ್ಮನ್ನು ಕ್ಲಾಸಿನಾಚೆ ನಿಲ್ಲಿಸಿದ್ದ ಟೀಚರಿಗೆ ಬೈಯುವುದು ಹೇಗೆ? ಬೈಯದೆ ಬಿಟ್ಟರೆ ರಾಗದ ಗತಿಯೇನು? ಅವರು ಮಧ್ಯಮಮಾರ್ಗ ಹಿಡಿದರು.

"ಏನಬೇ ದಾನವ್ವ, ಗಾಂಧಾರ ಮಾಳಗಿ ಹತ್ತಿ ಕುಂತೈತಲ್ಲ, ನಿಚ್ಚಣಿಕಿ ಕಳಸ್ಲೇನು?"

ನಾನು ಮೊದಲ ವಾರ ಇದನ್ನು ನಂಬಿದೆ. ಎರಡನೆಯ ವಾರ ಅನುಮಾನಪಟ್ಟೆ. ಮೂರನೆಯ ವಾರ ಖಚಿತವಾಯಿತು, ಏಕೆಂದರೆ ಆ ದಿನ ನೆಗಡಿಯಾಗಿ ದಾನವ್ವ ಹಾಡಲೇ ಇಲ್ಲ, ಆದರೂ ಬೈಸಿಕೊಂಡವಳು ಅವಳೇ. ಪಾಪ, ಹಾಡದಿದ್ದದ್ದಕ್ಕೇ ಬೈದರೆಂದು ಅವಳು ತಿಳಿದಳು. ಖರೆ ಹೇಳುತ್ತೇನೆ, ಅರ್ಥವಾದ ಮೇಲೂ ನಾನು ಸುಮ್ಮನಿದ್ದೆ. ಬೈಗುಳವಿಲ್ಲದ ವಿದ್ಯಾರ್ಥಿಜೀವನ ಎಷ್ಟು ಕಂಫರ್ಟಬಲ್ ಆಗಿತ್ತೆಂದರೆ, ನನ್ನ ಕಾನ್ವೆಂಟಿನ ಕನ್ಫೆಶನ್ ಪಾಠಗಳೆಲ್ಲ ಅದರೊಳಗೆ ಗಡದ್ದಾಗಿ ನಿದ್ದೆ ಹೋಗಿದ್ದವು.

ದಾನವ್ವ ತನ್ನ ಸರಿಯಾದ ಗಾಂಧಾರವನ್ನು ತಿದ್ದತೊಡಗಿದಳು. ದಿನಕ್ಕೊಂದು ನೂಲಿನೆಳೆಯಷ್ಟು ಇಳಿಸಿ ಇಳಿಸಿ, ಕೊನೆಗೆ ಅದು ಪಕ್ಕದ ರಿಷಭದ ಅಂಗಳಕ್ಕೇ ಬಂದು ನಿಂತಿತು. ಈಗ ಸರ್ ಅವಳಿಗೆ ನಿಜವಾಗಿಯೂ ಬೈಯಬೇಕಾಯಿತು. ಕೊನೆಯ ಸೆಮಿಸ್ಟರಿನ ಪ್ರಾಕ್ಟಿಕಲ್ ಪರೀಕ್ಷೆಗೆ ತಿಂಗಳಿರುವಾಗ ಅವಳು ಕ್ಲಾಸಿಗೆ ಬರುವುದನ್ನು ಬಿಟ್ಟಳು. ಒಂದು ವಾರ ಒಂದೇ ಕುರ್ಚಿಯ ಸದ್ದು ಕೇಳಿ ತಡೆಯಲಾರದೆ ನಾನು ಬನಹಟ್ಟಿಯ ಬಸ್ಸು ಹತ್ತಿದೆ.

ದಾನವ್ವ ಬಾಗಿಲಲ್ಲಿ ಕೂತು ರಾಟೆಯ ಮೇಲೆ ನೂಲಿನ ಕಂಡಿಕೆ ಸುತ್ತುತ್ತ, ಯಾವುದೋ ಭಜನೆಯನ್ನು ಗುನುಗುತ್ತಿದ್ದಳು. ಆ ಭಜನೆಯ ಧಾಟಿ ದರಬಾರಿಯದು. ಅದರ ಗಾಂಧಾರ ಎಲ್ಲಿ ಇರಬೇಕೋ ಅಲ್ಲೇ ತೂಗುತ್ತಿತ್ತು.

"ದಾನವ್ವ, ಇದ ಅಲ್ಲೇನ ಸರ್ ಕೇಳೂ ಗಾಂಧಾರ?" ಎಂದೆ.

"ಇದು ಮನಿ ಹಾಡ್ರಿ ಅಕ್ಕೋರ. ಕಾಲೇಜಿನ ಗಾಂಧಾರ ಬ್ಯಾರೆ ಐತಿ. ಅದು ನನ್ನ ಗಂಟಲಾಗ ಇಲ್ಲ. ಸಾವಳಗಿ ಸಾಲಿಯವ್ರಿಗೂ ಹೇಳಿಬಿಡ್ತೇನಿ, ಬ್ಯಾರೆಯವ್ರನ್ನ ನೋಡ್ಕೋರಿ ಅಂತ."

ನಾನು ಹೇಳಿದೆ. ಬೈಗುಳ ಯಾರಿಗೆ ಸೇರಬೇಕಿತ್ತು, ಯಾರಿಗೆ ಸೇರಿತು, ನನಗೆ ಯಾವಾಗಿನಿಂದ ಗೊತ್ತಿತ್ತು, ಎಲ್ಲವನ್ನೂ. ರಾಟೆ ನಿಂತಿತು.

"ಅಂದ್ರ ನೆಗಡಿ ಬಂದ ದಿನದ್ದೂ ನಿಮ್ದ?"

"ಅದೂ ನಂದ."

"ನಾ ಅನ್ಕೊಂಡಿದ್ನಿ, ಅಕ್ಕೋರ ಕಾನ್ವೆಂಟಿನ್ಯಾಗ ಪಿಯಾನೋ ಕಲ್ತಾರು, ಅವರ್ದೆಂಗ ತಪ್ಪಾಕ್ಕೈತಿ ಅಂತ." ಕಂಡಿಕೆಯನ್ನು ರಾಟೆಯಿಂದ ಕಳಚಿಟ್ಟಳು. "ನೀವ್ ಯಾಕ್ ಸುಮ್ನ ಕುಂತಿದ್ರಿ ಅಕ್ಕೋರ?"

ಯಾವ ಪರೀಕ್ಷೆಯ ವೈವಾದಲ್ಲೂ ನನ್ನನ್ನು ಯಾರೂ ಇಂಥ ಪ್ರಶ್ನೆ ಕೇಳಿಲ್ಲ. ಹಿರಿಯರಿಗೆ ತಪ್ಪು ತೋರಿಸದಿರುವುದನ್ನು ನಾವು ಸಂಸ್ಕಾರವೆನ್ನುತ್ತೇವೆ. ಆ ತಪ್ಪು ಮಾತ್ರ ಆವಿಯಾಗಿ ಹೋಗುವುದಿಲ್ಲ, ಪಕ್ಕದಲ್ಲಿ ಕೂತವರ ಮಡಿಲಲ್ಲಿ ಬೀಳುತ್ತದೆ. ಇದನ್ನು ನಾನು ಅವಳಿಗೆ ಹೇಳಲಿಲ್ಲ. "ಹಿತ ಅನಸ್ತಿತ್ತು," ಎಂದಷ್ಟೇ ಹೇಳಿದೆ. ಅವಳು ಬರಲು ಒಪ್ಪಿದಳು, ಒಂದೇ ಶರತ್ತಿನ ಮೇಲೆ: ಸರ್ ಅವಳ ಎದುರಿಗೇ ನನಗೆ ಬೈಯಬೇಕು.

ಮರುದಿನ ಸರ್ ಇದನ್ನು ಕೇಳಿ ಬೆವತುಹೋದರು. "ನಾಲಿಗಿ ಹೊಳ್ಳೂದಿಲ್ರಿ ಮೇಡಂ," ಎಂದರು. ನಾನು ಬೇರೆ ದಾರಿಯಿಲ್ಲದೆ ಹಳೆಯ ದನಿಯಲ್ಲಿ "ಈರಣ್ಣ, ಸ್ಟ್ಯಾಂಡ್ ಅಪ್," ಎಂದೆ. ಪ್ರೊಫೆಸರರು ತಟ್ಟನೆ ಎದ್ದು ನಿಂತರು. "ಸ್ಕೋಲ್ಡ್ ಮೀ."

ಅವರು ಗಂಟಲು ಸರಿಮಾಡಿಕೊಂಡು, ನಾನೇ ಕಲಿಸಿದ ಭಾಷೆಯ ಆಶ್ರಯ ಪಡೆದರು. "ಮೇಡಂ, ಯುವರ್ ಗಾಂಧಾರ ಈಸ್ ನಾಟ್ ಸ್ಯಾಟಿಸ್ಫ್ಯಾಕ್ಟರಿ. ಕೈಂಡ್ಲಿ ಲೋವರ್ ಇಟ್." ವೆರಿ ಗುಡ್ ಎಂದುಬಿಡುತ್ತಿದ್ದೆ, ವ್ಯಾಕರಣ ಅಷ್ಟು ಶುದ್ಧವಾಗಿತ್ತು.

"ಇದೇನ್ ಬೈಯೂದ್ರಿ ಸರ? ರಜಾ ಅರ್ಜಿ ಬರದಂಗಾತು," ಎಂದಳು ದಾನವ್ವ. "ನನಗ ಬೈತಿದ್ರಲ್ಲ, ಹಂಗ ಬೈರಿ."

ಸರ್ ಗೋಡೆಯ ಕಡೆ ತಿರುಗಿದರು. ಕಣ್ಣು ಮುಚ್ಚಿದರು. "ಏನ್ ಗಾಂಧಾರರೀ ಅದು? ಕಿವಿ ಮನ್ಯಾಗ ಬಿಟ್ಟ ಬಂದೀರೇನು? ಒಂದ ವರ್ಷ ಆತು, ಎಮ್ಮಿ ಗ್ವಾದ್ಲಿ ಬಿಟ್ಟ ಏಳದಂಗ ಕುಂತೈತಲ್ಲ."

ಹೇಳಿ ಮುಗಿಸಿ ಅವರು ಉಸಿರು ಬಿಟ್ಟರು. ನನ್ನ ಕಿವಿ ಬಿಸಿಯಾಗಿತ್ತು. ಹದಿನಾಲ್ಕರ ಹುಡುಗಿಯ ಹಾಗೆ ಅಳು ಬಂದಿತ್ತು. ಜೊತೆಗೆ, ಹೇಗೆ ಹೇಳಲಿ, ಕೊನೆಗೂ ಕಾಲೇಜಿಗೆ ಅಡ್ಮಿಶನ್ ಸಿಕ್ಕಂತಾಗಿತ್ತು. ಅಂದಿನಿಂದ ಬೈಗುಳ ಪಾಳಿಯ ಪ್ರಕಾರ ಬಂತು, ಬಹುಪಾಲು ನನಗೇ.

ದಾನವ್ವನಿಗೆ ತನ್ನ ಗಾಂಧಾರ ಒಂದೇ ದಿನದಲ್ಲಿ ಮರಳಿ ಸಿಗಲಿಲ್ಲ. ಪರೀಕ್ಷೆಯ ಹಿಂದಿನ ದಿನವೂ ಹಾಡುತ್ತ ಹಾಡುತ್ತ ನಿಂತು, ಸರ್ ಮುಖ ನೋಡುತ್ತಿದ್ದಳು. ಪರೀಕ್ಷೆಯಲ್ಲಿ ಬಾಗಿಲ ಹೊರಗೆ ನಿಂತು ಕೇಳಿದೆ: ನಿಧಾನಗತಿಯ ವಿಲಂಬಿತದಲ್ಲಿ ಗಾಂಧಾರಕ್ಕೆ ಬಂದಳು, ಒಂದು ಕ್ಷಣ ತಡೆದಳು, ಆಮೇಲೆ ಯಾರ ಮುಖವನ್ನೂ ನೋಡದವರ ಹಾಗೆ ಅದನ್ನು ತೂಗಿದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಇನ್ನೊಮ್ಮೆ ಹಾಡಿಸಿದರು, ತಪ್ಪಾದದ್ದಕ್ಕಲ್ಲ. ಅವಳು ಫಸ್ಟ್ ಕ್ಲಾಸ್. ಬರೆಯುವ ಪೇಪರುಗಳು ಕೈಹಿಡಿದು ನಡೆಸಿದ್ದರಿಂದ ನಾನು ಸೆಕೆಂಡ್ ಕ್ಲಾಸ್.

ಅವಳನ್ನು ನಾನು ಕೊನೆಯ ಸಲ ಕಂಡದ್ದು ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ. ಕಾಯಂ ನೌಕರಿಗೆ ಹಾಜರಾಗಲು ಸಾವಳಗಿಗೆ ಹೊರಟಿದ್ದಳು. ಇನ್ನು ಮುಂದೆ ವಾಸವೂ ಅಲ್ಲೇ. ಬಸ್ಸಿನ ಕಿಟಕಿಯಿಂದ, "ಅಕ್ಕೋರ, ಗಾಂಧಾರ ಒಮ್ಮಿ ಹಚ್ಚರಿ ನೋಡೂನು," ಎಂದಳು.

"ಇಲ್ಲೇನ? ಇಷ್ಟ ಮಂದ್ಯಾಗ?"

"ನಿಮ್ಮ ಬೈಗುಳ ನಾ ಮಂದ್ಯಾಗ ತಿಂದೇನ್ರಿ. ಹಚ್ಚರಿ."

ಕಂಡಕ್ಟರ್ ಸೀಟಿ ಊದಿದ. ನಾನು ಹಾಡಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಬಸ್ಸು ಹೊರಟಾಗ ಕಿಟಕಿಯಿಂದ ಕೈ ಚಾಚಿ, ಅಂಗೈ ನೆಲದ ಕಡೆ ಮಾಡಿ, ಕೆಳಗೆ, ಇನ್ನೂ ಕೆಳಗೆ ಎಂದು ಒತ್ತತೊಡಗಿದಳು. ಪಕ್ಕದಲ್ಲಿದ್ದ ಹೆಂಗಸೊಬ್ಬಳು, "ಟಾಟಾ ಮಾಡಾಕತ್ತಾರ ನೋಡ್ರಿ ಅಜ್ಜ್ಯಾರ, ನೀವೂ ಮಾಡ್ರಿ," ಎಂದಳು. ನಾನು ಕೈ ಎತ್ತಲಿಲ್ಲ. ಗಾಂಧಾರವನ್ನು ಇನ್ನೊಂದು ಎಳೆ ಇಳಿಸಿದೆ. ಬಸ್ಸು ಗೇಟು ದಾಟಿ ತಿರುಗುವವರೆಗೂ ಆ ಕೈ ಒತ್ತುತ್ತಲೇ ಇತ್ತು.