ರೊಟ್ಟಿ ತಟ್ಟುವ ಕೈಯಲ್ಲಿ ನಿಂಜಾ ಪಟ್ಟು

ಬೆಳಗಿನ ಐದೂವರೆ. ಮುಂಡಗೋಡದ ಬಾಲಕಿಯರ ವಸತಿ ನಿಲಯವೊಂದರ ಅಡುಗೆಮನೆಯಲ್ಲಿ ತುಳಜಾ ಲಮಾಣಿ ನೂರಾ ಇಪ್ಪತ್ನಾಲ್ಕನೆಯ ರೊಟ್ಟಿಯನ್ನು ಹಂಚಿನಿಂದ ತೆಗೆದು ಬುಟ್ಟಿಗೆ ಹಾಕುತ್ತಾರೆ. ಅರವತ್ತೆರಡು ಹುಡುಗಿಯರಿಗೆ ತಲಾ ಎರಡು. ಜೊತೆಗಾತಿ ಯಲ್ಲವ್ವ ಪಲ್ಯದ ಪಾತ್ರೆ ಇಳಿಸುವಷ್ಟರಲ್ಲಿ ಇವರು ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿತ್ತಲಿನ ಅಂಗಳಕ್ಕೆ ಇಳಿದಾಗಿರುತ್ತದೆ. ಅಲ್ಲಿ ಇಪ್ಪತ್ತೆರಡು ಹುಡುಗಿಯರು ಚೂಡಿದಾರದ ವೇಲನ್ನು ನಡುವಿಗೆ ಬಿಗಿದು ಸಾಲಾಗಿ ನಿಂತಿದ್ದಾರೆ.

“ಒಂದು” ಎನ್ನುತ್ತಾರೆ ತುಳಜಾ. ಎಲ್ಲರ ಕಾಲು ಮುಂದೆ ಬರುತ್ತದೆ. “ಎರಡು” ಎಂದರೆ ಮೊಣಕೈ ಹಿಂದೆ ಸರಿಯುತ್ತದೆ. “ಮೂರು” ಎಂದರೆ ಮುಷ್ಟಿ ಮುಂದೆ ಹೋಗುತ್ತದೆ. “ನಾಲ್ಕು” ಎಂದರೆ ಮತ್ತೆ ಎದೆಯ ಹತ್ತಿರ ಬರುತ್ತದೆ. ಪ್ರತಿ ಎಣಿಕೆಗೂ ಹುಡುಗಿಯರು ಗಕ್ಕನೆ ನಿಂತುಬಿಡುತ್ತಾರೆ. ಕರಾಟೆ ಬಲ್ಲವರು ಯಾರಾದರೂ ನೋಡಿದರೆ, ಹೀಗೆ ತುಂಡು ತುಂಡಾಗಿ ಹೊಡೆಯುವುದು ಯಾವ ಪರಂಪರೆ ಎಂದು ತಲೆ ಕೆರೆದುಕೊಂಡಾರು. ವರದಿಗೆಂದು ಬಂದ ನಾನೂ ಕೆರೆದುಕೊಂಡೆ. ಇದು ವಿಡಿಯೋ ಗೇಮಿನ ಪರಂಪರೆ.

ಇವತ್ತು ಭಾನುವಾರ. ಹಳಿಯಾಳದಿಂದ ಕರಾಟೆ ಶಿಕ್ಷಕ ಸಂಜೀವಕುಮಾರ ಬರುವವರಿದ್ದಾರೆ. ತುಳಜಾ ಈ ತರಗತಿಯನ್ನು ಮುಂದುವರಿಸಬಹುದೇ, ಬರೀ ರೊಟ್ಟಿ ತಟ್ಟಿಕೊಂಡು ಇರಬೇಕೇ ಎಂಬುದನ್ನು ಅವರು ಇಂದು ಬರೆದುಕೊಡುತ್ತಾರೆ. ಹುಡುಗಿಯರಿಗೆ ಇದು ಗೊತ್ತು. ಮೂಲೆಯಲ್ಲಿದ್ದ ಒಬ್ಬಳು “ನಾಲ್ಕು” ಅಂದಾಗ “ಮೂರು” ಮಾಡುತ್ತಾಳೆ. ತುಳಜಾ ಬೈಯುವುದಿಲ್ಲ. ಅವಳ ಮೊಣಕೈಯನ್ನು ತಾವೇ ಹಿಡಿದು ಇರಬೇಕಾದ ಜಾಗದಲ್ಲಿ ಇಡುತ್ತಾರೆ.

ತುಳಜಾ ಮುಂಡಗೋಡ ತಾಲ್ಲೂಕಿನ ತಾಂಡಾವೊಂದರ ರೂಪ್ಲಪ್ಪ ಮತ್ತು ಧರ್ಮಿಬಾಯಿಯವರ ಮಗಳು. ಓದಿದ್ದು ಏಳನೆಯ ಇಯತ್ತೆ. ತೊಂಬತ್ತಾರರಲ್ಲಿ ಅಣ್ಣ ಕುಬೇರ ಬಸ್ ನಿಲ್ದಾಣದ ಹಿಂದೆ ವಿಡಿಯೋ ಗೇಮಿನ ಅಂಗಡಿ ಇಟ್ಟರು. ಮೂರು ಟಿ.ವಿ., ಆರು ಕುರ್ಚಿ, ಒಂದು ಡಬ್ಬಿಯ ತುಂಬ ಆಟದ ಕ್ಯಾಸೆಟ್ಟು. ಕೆಟ್ಟ ಜಾಯ್‌ಸ್ಟಿಕ್ಕುಗಳನ್ನು ಹುಬ್ಬಳ್ಳಿಗೆ ಒಯ್ದು ರಿಪೇರಿ ಮಾಡಿಸಿ ತರುವುದೇ ಕುಬೇರರ ಅರ್ಧ ಕೆಲಸವಾಗಿತ್ತು. ಅಣ್ಣ ಊರಲ್ಲಿ ಇಲ್ಲದ ದಿನ ಕೌಂಟರಿನಲ್ಲಿ ತಂಗಿ ಕೂರುತ್ತಿದ್ದರು. ಆಗ ಅವರಿಗೆ ಹತ್ತೊಂಬತ್ತು ವರ್ಷ.

ಅಂಗಡಿಯಲ್ಲಿ ಅತಿ ಹೆಚ್ಚು ಓಡುತ್ತಿದ್ದದ್ದು ಒಂದು ನಿಂಜಾ ಆಟ. ಲೇಬಲ್ಲು ಕಿತ್ತುಹೋಗಿದ್ದರಿಂದ ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ. ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ ಸುತ್ತಿಕೊಂಡ, ಕಣ್ಣು ಮಾತ್ರ ಕಾಣುವ ಜಪಾನಿನ ಹೋರಾಟಗಾರ ಅದರ ನಾಯಕ. ಅವನನ್ನು ತುಳಜಾ ಈಗಲೂ “ಮುಸುಕಿನಾಂವ” ಎಂದೇ ಕರೆಯುತ್ತಾರೆ. ಅವನ ಬಳಿ ಎಸೆಯಲು ನಕ್ಷತ್ರದ ಆಕಾರದ ಚಾಕುಗಳಿರುತ್ತಿದ್ದವು. ಆಡುವವರು ಮೊದಲ ಎರಡು ನಿಮಿಷದಲ್ಲೇ ಅಷ್ಟನ್ನೂ ಎಸೆದು ಮುಗಿಸುತ್ತಿದ್ದರು. ಆಮೇಲೆ ಉಳಿಯುತ್ತಿದ್ದದ್ದು ಬರಿಗೈ. ತಡೆಯುವುದು, ಗುದ್ದುವುದು, ಒದೆಯುವುದು, ಎದುರಿನವನ ತೋಳು ಹಿಡಿದು ನೆಲಕ್ಕೆ ಎತ್ತಿಹಾಕುವುದು. ಆಡುವವರಿಗೆ ಬೇಸರ ಶುರುವಾಗುತ್ತಿದ್ದ ಈ ಜಾಗದಲ್ಲೇ ತುಳಜಾಗೆ ಕುತೂಹಲ ಶುರುವಾಯಿತು.

“ಚಾಕು ನಮಗ ಎಲ್ಲಿ ಸಿಗತಾವ್ರಿ? ಕೈ ಅಂದ್ರ ಎಲ್ಲಾರಿಗೂ ಅದಾವ. ಅದಕ್ಕ ಕೈ ನೋಡಿದೆ” ಎನ್ನುತ್ತಾರೆ.

ನೋಡಿದ ರೀತಿಯೂ ಅವರದೇ. ಅಂಗಡಿ ಖಾಲಿ ಇದ್ದಾಗ ತಾವೇ ಆಟ ಹಚ್ಚಿ, ಹೊಡೆತದ ನಡುವೆ ಬಟನ್ ಒತ್ತಿ ಚಿತ್ರವನ್ನು ನಿಲ್ಲಿಸುತ್ತಿದ್ದರು. ಒಂದು ಗುದ್ದಿಗೆ ನಾಲ್ಕು ಚಿತ್ರ, ಎತ್ತಿಹಾಕುವುದಕ್ಕೆ ಆರು. ಕಾಲು ಎಲ್ಲಿದೆ, ಸೊಂಟ ಎಷ್ಟು ತಿರುಗಿದೆ ಎಂದು ನೋಡಿ, ಕೌಂಟರಿನ ಹಿಂದೆ ಎದ್ದು ನಿಂತು ಹಾಗೆಯೇ ಮಾಡುವುದು. ಆಗದಿದ್ದದ್ದನ್ನು ಬಿಡುವುದು. ಗೋಡೆಯ ಮೇಲೆ ಓಡುವುದನ್ನು ಅವರು ಮೊದಲ ವಾರವೇ ಬಿಟ್ಟರು. ಗಾಳಿಯಲ್ಲಿದ್ದಾಗ ಇನ್ನೊಮ್ಮೆ ಜಿಗಿಯಲು ಆಗುವುದಿಲ್ಲ ಎಂಬುದು ಮನವರಿಕೆಯಾಗಲು ಒಂದು ಕಾಲು ಉಳುಕಬೇಕಾಯಿತು.

ಎರಡು ಸಾವಿರದ ಹೊತ್ತಿಗೆ ಕೇಬಲ್ಲು ಮನೆ ಮನೆಗೆ ಬಂತು, ಅಂಗಡಿಗೆ ಗಿರಾಕಿ ಇಲ್ಲವಾದರು. ಕುಬೇರ ಪಾಳಾ ಎಂಬ ಊರಿನ ಹತ್ತಿರ ಗದ್ದೆ ಮಾಡಲು ಹೋದರು. ಒಂದು ಟಿ.ವಿ., ಒಂದು ಆಟದ ಪೆಟ್ಟಿಗೆ ಮತ್ತು ಲೇಬಲ್ಲಿಲ್ಲದ ಆ ಕ್ಯಾಸೆಟ್ಟು ತಾಂಡಾದ ಮನೆಗೆ ಬಂದವು. ತುಳಜಾ ಹಾಸ್ಟೆಲಿನ ಅಡುಗೆ ಕೆಲಸಕ್ಕೆ ಸೇರಿಕೊಂಡರು. ಮದುವೆಯ ಮಾತೆತ್ತಿದರೆ ಹಿಟ್ಟು ನಾದುವುದಿದೆ ಎಂದು ಎದ್ದು ಒಳಗೆ ಹೋಗುತ್ತಾರೆ. ನಾನು ಎರಡು ಸಲ ಕೇಳಿದೆ, ಎರಡು ಸಲವೂ ಹಿಟ್ಟು ನಾದುವುದಿತ್ತು.

ತರಗತಿ ಹುಟ್ಟಿದ್ದು ಅಡುಗೆಮನೆಯಲ್ಲಿ. ಎರಡು ವರ್ಷದ ಹಿಂದೆ ಪಾಳಾ ಕಡೆಯ ಶಿವಗಂಗಾ ಎಂಬ ಹುಡುಗಿ ಪಿಯುಸಿ ಸೇರಿದ ತಿಂಗಳಲ್ಲೇ ಅಳುತ್ತ ಬಂದಳು. ಬಸ್ಸಿನಲ್ಲಿ ಯಾರೋ ಅವಳ ಮಣಿಕಟ್ಟು ಹಿಡಿದು ಎರಡು ಸ್ಟಾಪಿನವರೆಗೂ ಬಿಟ್ಟಿರಲಿಲ್ಲ. ಸುದ್ದಿ ತಿಳಿದು ಅವಳ ತಂದೆ ಅಡಿವೆಯ್ಯ ಮಗಳನ್ನು ಕಾಲೇಜು ಬಿಡಿಸಿ ಕರೆದೊಯ್ಯಲು ಬಂದರು. ಅವರು ಕಚೇರಿಯಲ್ಲಿ ಕೂತಿದ್ದಾಗ ತುಳಜಾ ಹಿಟ್ಟಿನ ಕೈಯಲ್ಲೇ ಹುಡುಗಿಯ ಮಣಿಕಟ್ಟು ಹಿಡಿದು, ಹಿಡಿದವನ ಹೆಬ್ಬೆರಳಿನ ಕಡೆಗೆ ತಿರುಚಿದರೆ ಹಿಡಿತ ಹೇಗೆ ಬಿಚ್ಚುತ್ತದೆ ಎಂದು ತೋರಿಸಿದರು. ಶಿವಗಂಗಾ ಕಚೇರಿಗೆ ಹೋಗಿ, ತನ್ನ ಕೈ ಹಿಡಿಯುವಂತೆ ಅಪ್ಪನಿಗೆ ಹೇಳಿದಳು. ಅವರು ಹಿಡಿದರು. ಅವಳು ಬಿಡಿಸಿಕೊಂಡಳು. ಇನ್ನಷ್ಟು ಗಟ್ಟಿಯಾಗಿ ಹಿಡಿದರು. ಮತ್ತೆ ಬಿಡಿಸಿಕೊಂಡಳು. ಎತ್ತುಗಳ ಮೂಗುದಾರ ಹಿಡಿದ ಕೈ ಅದು. ಅಡಿವೆಯ್ಯ ತಮ್ಮ ಅಂಗೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡು, ಈ ತುಳಜಾಬಾಯಿ ಕಲಿಸುವ ತನಕ ಮಗಳು ಓದಲಿ ಎಂದು ಹೇಳಿ ಒಬ್ಬರೇ ಹಿಂದಿರುಗಿದರು. ಆಮೇಲೆ ಇನ್ನೂ ಕೆಲವು ತಂದೆತಾಯಿಗಳು ಅದೇ ಮಾತಿನ ಮೇಲೆ ಹೆಣ್ಣುಮಕ್ಕಳನ್ನು ಇಲ್ಲಿ ಬಿಟ್ಟಿದ್ದಾರೆ. ತರಗತಿ ನಿಂತರೆ ಇವರಲ್ಲಿ ಎಷ್ಟು ಜನರ ಓದು ನಿಲ್ಲುತ್ತದೆಂದು ಮೇಲ್ವಿಚಾರಕಿಯನ್ನು ಕೇಳಿದೆ. ಏಳೆಂಟು ಎಂದರು.

ಅಡುಗೆಯವರು ಯಾವ ಅರ್ಹತೆಯ ಮೇಲೆ ಇದನ್ನು ಕಲಿಸುತ್ತಿದ್ದಾರೆ ಎಂದು ಯಾರೋ ಪತ್ರ ಬರೆದದ್ದು ಈ ವರ್ಷ. ಪ್ರಶ್ನೆ ತಪ್ಪೇನಲ್ಲ. ತಿಳಿದವರೊಬ್ಬರು ನೋಡಿ ಹೇಳಲಿ ಎಂದು ಮೇಲ್ವಿಚಾರಕಿ ಸಂಜೀವಕುಮಾರರನ್ನು ಕರೆಸಿದರು. ಹಳಿಯಾಳ, ದಾಂಡೇಲಿಗಳಲ್ಲಿ ಹದಿನಾಲ್ಕು ವರ್ಷಗಳಿಂದ ಕರಾಟೆ ಕಲಿಸುತ್ತಿರುವ ಅವರು ಮೂರು ತಿಂಗಳ ಹಿಂದೆ ಮೊದಲ ಸಲ ಇಲ್ಲಿಗೆ ಬಂದರು.

ಅಂದು ಆದದ್ದನ್ನು ಇಬ್ಬರೂ ಒಂದೇ ರೀತಿ ಹೇಳುತ್ತಾರೆ. ಸಂಜೀವಕುಮಾರ ಎದುರಿನಿಂದ ಶಿವಗಂಗಾಳ ಮೇಲೆ ಕೈಮಾಡಿದರು. ಅವಳು ಅವರ ತೋಳು ಹಿಡಿದು ಚೆನ್ನಾಗಿಯೇ ನೆಲಕ್ಕೆ ಹಾಕಿದಳು. ಹಾಕಿದವಳು ಕೈ ಎರಡೂ ಕೆಳಗಿಳಿಸಿ, ಬಲಗಡೆಗೆ ಮುಖ ಮಾಡಿ, ಮುಂದಿನವನಿಗಾಗಿ ಕಾಯುತ್ತ ನಿಂತುಬಿಟ್ಟಳು. ಬಿದ್ದವರು ಎದ್ದು ಬಂದು ಎಡಗಡೆಯಿಂದ ಅವಳ ಜಡೆ ಹಿಡಿದರು. ಅವಳಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಇನ್ನೊಬ್ಬಳನ್ನು ಕರೆದರು. ಅವಳೂ ಹಾಗೆಯೇ. ಇಪ್ಪತ್ತೆರಡು ಜನರೂ ಹಾಗೆಯೇ.

ತಪ್ಪು ಎಲ್ಲಿಂದ ಬಂತೆಂದು ಅಲ್ಲಿದ್ದವರಲ್ಲಿ ತುಳಜಾ ಒಬ್ಬರಿಗೇ ಅರ್ಥವಾಯಿತು. ಆ ಆಟದಲ್ಲಿ ಮುಸುಕಿನವನು ಪರದೆಯ ಎಡತುದಿಯಿಂದ ಹೊರಟು ಯಾವಾಗಲೂ ಬಲಕ್ಕೇ ಹೋಗುತ್ತಾನೆ. ವೈರಿಗಳು ಬಲಗಡೆಯಿಂದಲೇ ಬರುತ್ತಾರೆ, ಅದೂ ಒಬ್ಬೊಬ್ಬರಾಗಿ. ಹಿಂದೆ ಬಿಟ್ಟ ಜಾಗ ಪರದೆಯಿಂದ ಜಾರಿಹೋಗುತ್ತದೆ, ಅಲ್ಲಿಂದ ಯಾರೂ ಮರಳಿ ಬರುವುದಿಲ್ಲ.

“ಬಿದ್ದಾಂವ ಮೂರು ಸಲ ಮಿಣಮಿಣ ಅಂದು ಇಲ್ಲದಂಗ ಆಗತಾನ್ರಿ. ನಾ ಅದನ್ನ ಸಾವಿರಾರು ಸಲ ನೋಡೇನಿ. ಖರೇ ಜಗಳದಾಗ ಮನಶ್ಯಾ ಹಂಗ ಮಾಯ ಆಗೂದಿಲ್ಲ ಅನ್ನೂದು ನನಗ ಗೊತ್ತಿತ್ತು. ನನ್ನ ಕೈಗೆ ಗೊತ್ತಿರಲಿಲ್ಲ.”

ಸಂಜೀವಕುಮಾರ ನಿಷ್ಠುರವಾಗಿಯೇ ಹೇಳಿದರಂತೆ. ಎದ್ದು ಬರುವವನನ್ನು ಎದುರಿಸಲು ಕಲಿಸದಿದ್ದರೆ ಈ ಹುಡುಗಿಯರಿಗೆ ಸುಳ್ಳು ಧೈರ್ಯ ಕೊಟ್ಟ ಹಾಗೆ, ಅದಕ್ಕಿಂತ ಹೆದರಿ ಓಡುವುದು ವಾಸಿ ಎಂದು. ಮೂರು ತಿಂಗಳ ಗಡುವು ಕೊಟ್ಟು ಹೋದರು. ಅಂದು ಮಧ್ಯಾಹ್ನ ತುಳಜಾ ಮಾಡಿದ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು ಎಂದು ಯಲ್ಲವ್ವ ನೆನಪು ಮಾಡಿಕೊಳ್ಳುತ್ತಾರೆ.

ಆಮೇಲೆ ಅವರು ಮಾಡಿದ ಕೆಲಸ ಕೇಳಿದಾಗ ನಾನು ಬರೆಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದೆ. ತಾಂಡಾದ ಮನೆಯಲ್ಲಿ ಹಳೆಯ ಅಲಮಾರಿನ ಬಾಗಿಲು ಬಿಚ್ಚಿ, ಅದರ ಕನ್ನಡಿಯನ್ನು ಟಿ.ವಿ. ಎದುರಿನ ಗೋಡೆಗೆ ನಿಲ್ಲಿಸಿದರು. ಭಾನುವಾರ ಪಾಳಾದಿಂದ ಬರುವ ಕುಬೇರ ಟಿ.ವಿ. ಮುಂದೆ ಕೂತು ಆಡಬೇಕು. ತಂಗಿ ಟಿ.ವಿ.ಗೆ ಬೆನ್ನು ಹಾಕಿ ಕನ್ನಡಿಯನ್ನು ನೋಡಬೇಕು. ಕನ್ನಡಿಯಲ್ಲಿ ಮುಸುಕಿನವನು ಎಡಕ್ಕೆ ಹೋಗುತ್ತಾನೆ, ಎಡಗೈಯಿಂದ ಗುದ್ದುತ್ತಾನೆ, ಎಡಗಾಲು ಮುಂದಿಟ್ಟು ಎತ್ತಿಹಾಕುತ್ತಾನೆ. ಮತ್ತೆ ಬಟನ್ ಒತ್ತಿ ನಿಲ್ಲಿಸುವುದು, ಮತ್ತೆ ನಾಲ್ಕು ಚಿತ್ರ, ಆರು ಚಿತ್ರ. ಅಣ್ಣ ತಂಗಿ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತು ನಿಂತು ಮಾಡುತ್ತಿದ್ದುದನ್ನು ಕಂಡು ಧರ್ಮಿಬಾಯಿ ಮನೆಯಲ್ಲಿ ಜಗಳವಾಗಿದೆ ಎಂದುಕೊಂಡಿದ್ದರಂತೆ.

ಬಿದ್ದವನು ಎದ್ದು ಬರುವುದನ್ನು ಮಾತ್ರ ಯಾವ ಕನ್ನಡಿಯೂ ತೋರಿಸುವಂತಿರಲಿಲ್ಲ. ಅದಕ್ಕೆ ತುಳಜಾ ತಾವೇ ಬಿದ್ದರು. ಹುಲ್ಲು ತುಂಬಿದ ಚೀಲಗಳನ್ನು ಅಂಗಳದಲ್ಲಿ ಹಾಸಿ, ಒಬ್ಬೊಬ್ಬಳೂ ತಮ್ಮನ್ನು ದಿನಕ್ಕೆ ಎರಡು ಸಲ ಎತ್ತಿಹಾಕಬೇಕು ಎಂದರು. ದಿನಕ್ಕೆ ನಲವತ್ನಾಲ್ಕು ಸಲ ಬೀಳುವುದು. ಬಿದ್ದ ಮೇಲೆ ಕೆಲವು ಸಲ ತಕ್ಷಣ ಎದ್ದು ಬರುತ್ತಿದ್ದರು, ಕೆಲವು ಸಲ ನೂರು ಎಣಿಸಿ ಬರುತ್ತಿದ್ದರು, ಎಡದಿಂದಲೋ ಬಲದಿಂದಲೋ ಹಿಂದಿನಿಂದಲೋ ಎಂದು ಹೇಳುತ್ತಿರಲಿಲ್ಲ. ಅಕ್ಕನನ್ನು ಎತ್ತಿಹಾಕಲು ಹುಡುಗಿಯರು ಮೊದಮೊದಲು ಅತ್ತಿದ್ದರಂತೆ. ಮೂರು ತಿಂಗಳಲ್ಲಿ ತುಳಜಾ ಅವರ ಮೊಣಕೈ ಎರಡು ಸಲ ಬಾತಿದೆ. ಬಾತ ಕೈಯಲ್ಲೇ ರೊಟ್ಟಿ ತಟ್ಟಿದ್ದಾರೆ. ನೋವಿನ ಬಗ್ಗೆ ಕೇಳಿದರೆ, ಎಡಗೈಯಲ್ಲೂ ರೊಟ್ಟಿ ತಟ್ಟಲು ಬಂತು, ಅದೊಂದು ಲಾಭ ಎನ್ನುತ್ತಾರೆ.

ಎಂಟೂವರೆಗೆ ಸಂಜೀವಕುಮಾರ ಬರುತ್ತಾರೆ. ಚಹಾ ಬೇಡ ಎನ್ನುತ್ತಾರೆ. ಶಿವಗಂಗಾಳನ್ನು ಕರೆದು, ಊರು ಯಾವುದು, ಪರೀಕ್ಷೆ ಯಾವಾಗ ಎಂದು ಮಾತಾಡುತ್ತಿದ್ದವರು ಅವಳು ಉತ್ತರ ಹೇಳುತ್ತಿರುವಾಗಲೇ ಎಡಗಡೆಯಿಂದ ಅವಳ ಭುಜಕ್ಕೆ ಕೈ ಹಾಕುತ್ತಾರೆ. ಹುಡುಗಿಯ ಎಡಗೈ ಅವರ ಮಣಿಕಟ್ಟನ್ನು ಹಿಡಿಯುತ್ತದೆ, ಎಡಗಾಲು ಮುಂದೆ ಬರುತ್ತದೆ, ಸೊಂಟ ತಿರುಗುತ್ತದೆ. ನಾಲ್ಕು ಎಣಿಸುವುದಕ್ಕೆ ಯಾರಿಗೂ ಪುರುಸೊತ್ತು ಸಿಗುವುದಿಲ್ಲ. ಸಂಜೀವಕುಮಾರ ಹುಲ್ಲಿನ ಚೀಲದ ಮೇಲೆ ಅಂಗಾತ ಬೀಳುತ್ತಾರೆ.

ಬಿದ್ದವರು ಏಳುವುದಿಲ್ಲ. ಕಣ್ಣು ಮುಚ್ಚಿ ಮಲಗಿಯೇ ಇರುತ್ತಾರೆ. ಶಿವಗಂಗಾ ಎರಡು ಹೆಜ್ಜೆ ಹಿಂದೆ ಸರಿದು, ಕೈ ಎರಡೂ ಮುಖದ ಮುಂದಿಟ್ಟು ನಿಲ್ಲುತ್ತಾಳೆ. ಒಂದು ನಿಮಿಷವಾಗುತ್ತದೆ. ಎರಡಾಗುತ್ತದೆ. ಮೇಲ್ವಿಚಾರಕಿ ಗಾಬರಿಯಿಂದ ನನ್ನ ಕಡೆ ನೋಡುತ್ತಾರೆ. ನಿಜಕ್ಕೂ ಪೆಟ್ಟಾಯಿತೆಂದು ನಾನು ಮುಂದೆ ಹೋಗಲು ಹೊರಟರೆ ತುಳಜಾ ತೋಳು ಅಡ್ಡ ಚಾಚುತ್ತಾರೆ. ಶಿವಗಂಗಾಳ ಕೈ ಇಳಿಯುವುದಿಲ್ಲ.

ಮೂರನೆಯ ನಿಮಿಷಕ್ಕೆ ಸಂಜೀವಕುಮಾರ ಚಂಗನೆ ಎದ್ದು ಅವಳ ಬೆನ್ನ ಹಿಂದಕ್ಕೆ ಸುತ್ತಿ ಬರುತ್ತಾರೆ. ಅವಳು ಅವರಿಗಿಂತ ಮೊದಲೇ ತಿರುಗಿರುತ್ತಾಳೆ. ಎರಡನೆಯ ಸಲ ಬಿದ್ದ ಮೇಲೆ ಅವರು ಮಲಗಿದಲ್ಲಿಂದಲೇ “ಸಾಕವಾ” ಎನ್ನುತ್ತಾರೆ. ಉಳಿದ ಇಪ್ಪತ್ತೊಂದು ಜನರನ್ನು ನೋಡಲು ಹತ್ತೂವರೆಯಾಗುತ್ತದೆ. ಇಬ್ಬರು ತಪ್ಪುತ್ತಾರೆ, ಒಬ್ಬಳು ಹೆದರಿ ಕಣ್ಣು ಮುಚ್ಚುತ್ತಾಳೆ. ಎತ್ತಿಹಾಕಿದ ಮೇಲೆ ಕೈ ಇಳಿಸಿದವರು ಒಬ್ಬರೂ ಇಲ್ಲ.

ಕಚೇರಿಯಲ್ಲಿ ಕೂತು ಸಂಜೀವಕುಮಾರ ತರಗತಿ ಮುಂದುವರಿಸಲು ಅಡ್ಡಿಯಿಲ್ಲ ಎಂದು ಬರೆದು ಸಹಿ ಹಾಕುತ್ತಾರೆ. ತುಳಜಾ ಆ ಹಾಳೆಯನ್ನು ಓದುತ್ತಾರೆ, ಮಡಚುತ್ತಾರೆ, ಮತ್ತೆ ಬಿಚ್ಚಿ ಓದುತ್ತಾರೆ. ಅವರಿಗಾದ ಸಂತೋಷ ನನಗೂ ಆಯಿತೆಂದು ಇಲ್ಲಿ ಬರೆದರೆ ತಪ್ಪಾಗಲಾರದು. ಇಷ್ಟಾದ ಮೇಲೆ ಸಂಜೀವಕುಮಾರ ಇನ್ನೊಂದು ಮಾತು ಹೇಳಲು ತಡವರಿಸುತ್ತಾರೆ. ಭಾನುವಾರ ಹಳಿಯಾಳಕ್ಕೆ ಬಂದರೆ ಶಾಸ್ತ್ರೀಯವಾಗಿ ಎಲ್ಲವನ್ನೂ ಕಲಿಸಿಕೊಡಬಲ್ಲರಂತೆ. ಆದರೆ ನಿಯಮ ನಿಯಮವೇ. ಬಿಳಿ ಬೆಲ್ಟು ಕಟ್ಟಿಕೊಂಡು, ಮೂರನೆಯ ಇಯತ್ತೆಯ ಮಕ್ಕಳ ಜೊತೆ ಕೊನೆಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಇಪ್ಪತ್ತೆರಡು ಜನರಿಗೆ ಕಲಿಸಿದವರಿಗೆ ಹೀಗೆ ಹೇಳಲು ತಮಗೇ ಸಂಕೋಚ ಎನ್ನುತ್ತಾರೆ.

ತುಳಜಾ ಹಾಳೆಯನ್ನು ಕುಪ್ಪಸದೊಳಗೆ ಸೇರಿಸಿ, ಮುಂದಿನ ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಹೊರಟರೆ ಆದೀತೇ ಎಂದು ಕೇಳುತ್ತಾರೆ. ಅದಕ್ಕೂ ಮೊದಲು ಮಧ್ಯಾಹ್ನದ ಅಡುಗೆ ಮುಗಿಯುವುದಿಲ್ಲ.

“ಕಡೀ ಸಾಲಿಗೆ ನಾ ಯಾಕ ನಾಚಲಿ ಸರ್ರ? ಮುಸುಕಿನಾಂವ ಎಷ್ಟು ಸಲ ಸತ್ತರೂ ಮತ್ತ ಆಟದ ಮೊದಲನೇ ಮನಿಯಿಂದನ ಸುರು ಮಾಡತಿದ್ದ. ಅಂವನ ಕಡೆಯಿಂದ ನಾ ತಪ್ಪಿಲ್ಲದಂಗ ಕಲ್ತದ್ದು ಅದೊಂದ ನೋಡ್ರಿ.”