ಚಾಕು ಎತ್ತಿದಾಗ ಕೇಳಿಸಿದ ಮಾತು

ನಾನು ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವನು. ಅಳತೆಗೆ ಸಿಗದ್ದನ್ನು ಇಲ್ಲವೆಂದೇ ಬರೆದು ಅಭ್ಯಾಸ. ದೆವ್ವ, ಅಶರೀರವಾಣಿ ಎಂದು ಯಾರಾದರೂ ಶುರು ಮಾಡಿದರೆ, "ಸುಮ್ನಿರು ಗುರು, ಕಾಗೆ ಹಾರಿಸ್ಬೇಡ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ನೀವು ನನಗೂ ಹಾಗೇ ಅಂದರೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಮ್ಮ ಕಾರ್ಖಾನೆಯನ್ನು ಕಟ್ಟಿ ನಿಲ್ಲಿಸಿದವರು ಸ್ಕಾಟ್ಲೆಂಡಿನ ಒಬ್ಬ ಇಂಜಿನಿಯರು. ಅವರು ಊರಿಗೆ ಹೋಗಿ ಎಷ್ಟೋ ವರ್ಷವಾದರೂ ಅವರು ಹಾಕಿಕೊಟ್ಟ ಒಂದು ಪದ್ಧತಿ ಉಳಿದಿದೆ. ಪ್ರತಿ ಜನವರಿಯಲ್ಲಿ, ಅವರ ನಾಡಿನ ಕವಿಯೊಬ್ಬನ ಹುಟ್ಟುಹಬ್ಬಕ್ಕೆ, ಕ್ಯಾಂಟೀನಿನ ಮೇಲಿನ ಹಾಲ್‌ನಲ್ಲಿ ಸಂಜೆ ಔತಣ. ಕುರಿಯ ಈಲಿ, ಗುಂಡಿಗೆಯನ್ನು ಓಟ್ಸ್ ಜೊತೆ ಕಲಸಿ, ಕುರಿಯ ಹೊಟ್ಟೆಚೀಲದಲ್ಲೇ ತುಂಬಿ ಬೇಯಿಸಿ, ಹರಿವಾಣದಲ್ಲಿಟ್ಟು ಮೆರವಣಿಗೆಯಲ್ಲಿ ತರಬೇಕು. ಮುಂದೆ ಬ್ಯಾಗ್‌ಪೈಪ್ ಊದುತ್ತ ಬಾಗಲಗುಂಟೆಯ ಒಬ್ಬ ನಿವೃತ್ತ ಸೈನಿಕರು, ಹಿಂದೆ ಹರಿವಾಣ ಹೊತ್ತ ಅಡುಗೆಯ ಸಿದ್ದಣ್ಣ. ಎಲ್ಲರೂ ಎದ್ದು ನಿಂತು ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಬೇಕು. "ನಮ್ ಬೋಟಿಗೆ ಈ ಮರ್ಯಾದೆ ಯಾವತ್ ಸಿಕ್ಕಿತ್ತು ಸಾರ್!" ಎಂದು ಸಿದ್ದಣ್ಣ ವರ್ಷವರ್ಷವೂ ಹೇಳುತ್ತಿದ್ದ. ಆಮೇಲೆ ಒಬ್ಬರು ಆ ಖಾದ್ಯದ ಮುಂದೆ ನಿಂತು, ಅದನ್ನೇ ಹೊಗಳಿ ಆ ಕವಿ ಬರೆದ ಪದ್ಯ ಹೇಳುತ್ತ, ನಡುವೆ ಚಾಕು ಎತ್ತಿ ಅದನ್ನು ಸೀಳಬೇಕು.

ಆ ಕೆಲಸ ನಮ್ಮ ಫೋರ್‌ಮನ್ ರಾಮಣ್ಣನವರದು. ಆ ಭಾಷೆ ಅವರಿಗೆ ಒಂದಕ್ಷರ ಗೊತ್ತಿಲ್ಲ. ಇಂಜಿನಿಯರ ಬಾಯಿಂದ ಕೇಳಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದರು. ಮೊದಲ ವರ್ಷ ಚಾಕು ತಾಗಿದ ಕೂಡಲೇ ಕುದಿಯುವ ರಸ ಚಿಮ್ಮಿ, ಎದುರಿಗೆ ಕುಳಿತಿದ್ದ ಅವರ ಹೆಂಡತಿ ಜಯಕ್ಕನ ಕೈ ಸುಟ್ಟಿತ್ತಂತೆ. ಅಂದಿನಿಂದ ಅವರು ಚಾಕು ಎತ್ತಿದ ಮೇಲೆ ಪದ್ಯ ನಿಲ್ಲಿಸಿ, "ಜಯಾ, ಹಿಂದೆ ಸರಿ" ಅನ್ನುತ್ತಿದ್ದರು. ಹಾಲ್ ಗೊಳ್ಳೆನ್ನುತ್ತಿತ್ತು. ಜಯಕ್ಕ ನಾಚುತ್ತ ಕುರ್ಚಿ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಬರಬರುತ್ತ ಅದೂ ಶಾಸ್ತ್ರದ ಒಂದು ಭಾಗವೇ ಆಯಿತು.

ಕೆಲವು ವರ್ಷಗಳ ಹಿಂದೆ ರಾಮಣ್ಣನವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಯಿತು. ಟಿ. ದಾಸರಹಳ್ಳಿಯ ಅವರ ಮನೆಗೆ ಹೋದಾಗಲೆಲ್ಲ ಜಯಕ್ಕನದು ಒಂದೇ ಮಾತು. "ಬೈದ್ರೂ ಪರ್ವಾಗಿಲ್ಲ ಕಣಪ್ಪಾ. ಜಯಾ ಅಂತ ಒಂದ್ಸಲ ಕರುದ್ರೆ ಸಾಕು ನಂಗೆ."

ಮುಂದಿನ ಜನವರಿಗೆ ಪದ್ಯವನ್ನು ನನ್ನ ತಲೆಗೆ ಕಟ್ಟಿದರು. ನಾನು ಒಲ್ಲೆ ಅಂದೆ. ಜಯಕ್ಕನೇ ಆ ಹಳೆಯ ಹಾಳೆಯನ್ನು ತಂದು ಕೈಗಿಟ್ಟು, "ಇವ್ರನ್ನೂ ಕರ್ಕೊಂಡ್ ಬರ್ತೀನಿ. ಆ ಪೈಪಿನ ಸದ್ದು ಕೇಳಿದ್ರೆ ಬಾಯ್ ಬಿಟ್ರೂ ಬಿಟ್ಟಾರು" ಅಂದರು. ಆ ಆಸೆ ನೋಡಿ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಅವತ್ತು ಸಂಜೆ ರಾಮಣ್ಣನವರ ಗಾಲಿಕುರ್ಚಿ ಮುಂದಿನ ಸಾಲಿನಲ್ಲಿತ್ತು, ಪಕ್ಕದಲ್ಲಿ ಜಯಕ್ಕ. ಪೈಪ್ ಮೊಳಗಿತು, ಚಪ್ಪಾಳೆಯ ನಡುವೆ ಹರಿವಾಣ ಬಂತು. ಜಯಕ್ಕ ಗಂಡನ ಮುಖವನ್ನೇ ನೋಡುತ್ತಿದ್ದರು. ರಾಮಣ್ಣನವರು ಕಣ್ಣು ಕೂಡ ಅಲುಗಿಸಲಿಲ್ಲ. ನಾನು ತಡವರಿಸುತ್ತ ಓದುತ್ತಾ ಬಂದೆ. ಚಾಕು ಎತ್ತುವ ಸಾಲು ಬಂತು. ರಾಮಣ್ಣನವರ ಮಾತನ್ನು ನಾನು ಹೇಳುವುದು ತಪ್ಪೆನಿಸಿ, ಗೌರವಕ್ಕೆಂದು ಒಂದು ಗಳಿಗೆ ಸುಮ್ಮನೆ ನಿಂತೆ. ಹಾಲ್ ಕೂಡ ಸುಮ್ಮನಾಯಿತು.

"ಜಯಾ, ಹಿಂದೆ ಸರಿ."

ರಾಮಣ್ಣನವರದೇ ದನಿ. ಮೆಷಿನ್ ಸದ್ದಿನ ಮೇಲೆ ಕೂಗಿ ಕೂಗಿ ಒರಟಾದ ಅದೇ ದನಿ. ಬಂದದ್ದು ಗಾಲಿಕುರ್ಚಿಯಿಂದಲ್ಲ, ನನ್ನ ಕಿವಿಯ ಪಕ್ಕದಿಂದ. ಜಯಕ್ಕ ಬೆಚ್ಚಿ ಕುರ್ಚಿ ಹಿಂದಕ್ಕೆಳೆದುಕೊಂಡರು. ನನ್ನ ಕೈ ತಾನಾಗಿ ಇಳಿಯಿತು. ಬಿಸಿ ರಸ ಚಿಮ್ಮಿ, ಅವರು ಕುಳಿತಿದ್ದ ಜಾಗದಲ್ಲಿ ಬಿತ್ತು. ರಾಮಣ್ಣನವರ ಬಾಯಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು.

ಕೊನೆಯಲ್ಲಿ ಎಲ್ಲರೂ ಕೈಗೆ ಕೈ ಹೆಣೆದು ದುಂಡಗೆ ನಿಂತು ವಿದಾಯದ ಹಾಡು ಹೇಳುವಾಗ ಜಯಕ್ಕ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು.

"ನಿಂಗೂ ಕೇಳಿಸ್ತಾ?"

"ಕೇಳಿಸ್ತು ಜಯಕ್ಕ."

ಅವರು ಅಲ್ಲೇ ಅತ್ತುಬಿಟ್ಟರು. ಬೇರೆ ಯಾರಿಗೂ ಕೇಳಿಸಿರಲಿಲ್ಲ. ಸಿದ್ದಣ್ಣನನ್ನು ಕೇಳಿದರೆ, "ನೀವ್ ಸುಮ್ನೆ ನಿಂತಿದ್ರಿ, ಪದ್ಯ ಮರ್ತೋಯ್ತೇನೋ ಅನ್ಕೊಂಡೆ ಸಾರ್" ಅಂದ.

ನಾಲ್ಕು ತಿಂಗಳಿಗೆ ರಾಮಣ್ಣನವರು ತೀರಿಕೊಂಡರು, ಒಂದು ಮಾತೂ ಆಡದೆ. ಜಯಕ್ಕ ಮಾತ್ರ ಬಂದವರಿಗೆಲ್ಲ, "ಹೋಗೋಕ್ ಮುಂಚೆ ನನ್ನ ಹೆಸರು ಕರುದ್ರು" ಎಂದು ಹೇಳಿಕೊಂಡರು.

ನಮ್ಮ ವಿಭಾಗದ ಹುಡುಗನೊಬ್ಬ ತೆಗೆದ ಆ ಸಂಜೆಯ ವಿಡಿಯೊ ಒಂದಿದೆ, ನನ್ನ ಫೋನಿನಲ್ಲೇ. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಾನು ಚಾಕು ಎತ್ತಿ ನಿಂತಿದ್ದೇನೆ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆದರೆ ಜಯಕ್ಕ ತಟ್ಟನೆ ನನ್ನ ಭುಜದ ಪಕ್ಕಕ್ಕೆ ನೋಡಿ ಹಿಂದೆ ಸರಿಯುವುದು ಸ್ಪಷ್ಟವಾಗಿ ಕಾಣುತ್ತದೆ. "ವಿಡಿಯೊ ಇದ್ಯಂತಲ್ಲ, ಅವ್ರ ದನಿ ಒಂದ್ಸಲ ಕೇಳಿಸಪ್ಪಾ" ಎಂದು ಅವರು ಕೇಳಿದಾಗ, ಅಳಿಸಿಹೋಯಿತು ಎಂದು ಸುಳ್ಳು ಹೇಳಿದೆ. ಆ ಮೌನವನ್ನು ಅವರಿಗೆ ಹೇಗೆ ಕೇಳಿಸಲಿ?

ಈಗಲೂ ಜನವರಿಗೆ ಜಯಕ್ಕ ಬರುತ್ತಾರೆ. ಬೇಕೆಂದೇ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂರುತ್ತಾರೆ. ನಾನು ಚಾಕು ಎತ್ತಿ ನಿಲ್ಲುತ್ತೇನೆ. ಇಬ್ಬರೂ ಕಾಯುತ್ತೇವೆ. ಏನೂ ಕೇಳಿಸುವುದಿಲ್ಲ. ಕೊನೆಗೆ ಜಯಕ್ಕ ತಾವಾಗಿ ಹಿಂದೆ ಸರಿಯುತ್ತಾರೆ. ಆಮೇಲೆಯೇ ನಾನು ಚಾಕು ಇಳಿಸುವುದು.